ವಿಲಿ ನೆಲ್ಸನ್ನರೂ ನಿಲಯದ ಮೇಳವೂ

ಸಂಗೀತದಲ್ಲಿ ಒಂದು ದಾರಿಯನ್ನು ಹಿಡಿದು ಹೆಸರು ಗಳಿಸಿದವರು ವಯಸ್ಸಾದ ಮೇಲೆ ಇನ್ನೊಂದು ದಾರಿಗೆ ಕಾಲಿಟ್ಟರೆಂದರೆ ಜನರು ಎರಡು ಬಗೆಯಾಗಿ ಆಡಿಕೊಳ್ಳುವುದುಂಟು. ಇವರಿಗೆ ತಮ್ಮ ವಿದ್ಯೆಯೇ ಬೇಸರವಾಯಿತೆಂದು ಕೆಲವರು ಹೇಳುವರು. ನಾಲ್ಕು ಕಾಸಿನ ಆಸೆಗೆ ನೆರೆಯವರ ಅಂಗಳಕ್ಕೆ ಇಳಿದರೆಂದು ಮತ್ತೆ ಕೆಲವರು ಹೇಳುವರು. ಅಮೆರಿಕದ ಹಾಡುಗಾರರಾದ ವಿಲಿ ನೆಲ್ಸನ್ನರು 2000ನೆಯ ಇಸವಿಯಲ್ಲಿ, ತಮ್ಮ 67ನೆಯ ವಯಸ್ಸಿನಲ್ಲಿ, 'ಮಿಲ್ಕ್ ಕೌ ಬ್ಲೂಸ್' ಎಂಬ ಧ್ವನಿಮುದ್ರಿಕೆಯನ್ನು ಹೊರತಂದರು. ಅಷ್ಟು ಹೊತ್ತಿಗೆ ಅವರು 'ಕಂಟ್ರಿ' ಎಂಬ ಹಳ್ಳಿಗಾಡಿನ ಸಂಗೀತದಲ್ಲಿ ನಾಲ್ಕು ದಶಕಗಳ ಕಾಲ ಹಾಡಿ, ಆ ಸಂಗೀತದ ಹಿರಿಯರೆನಿಸಿಕೊಂಡಿದ್ದರು. ಹೊಸ ಮುದ್ರಿಕೆಯಲ್ಲಿಯಾದರೋ ಅವರ ಹಿಂದೆ ನಿಂತು ನುಡಿಸಿದವರು ಟೆಕ್ಸಸ್ ಪ್ರಾಂತದ ಆಸ್ಟಿನ್ ನಗರದ ಒಂದು ಬ್ಲೂಸ್ ಮಂದಿರದ ಮೇಳದವರು. ವಿದ್ಯುತ್ ಗಿಟಾರುಗಳ ಮೊಳಗು, ಮದ್ದಳೆಯ ತೂಕವಾದ ಪೆಟ್ಟು, ಆರ್ಗನ್ನಿನ ನಿಡುದನಿ, ಇವುಗಳ ನಡುವೆ ಆ ಮುದುಕರ ಮೂಗಿನ ಮೃದು ಸ್ವರ ಕೇಳಿಬರುತ್ತಿತ್ತು. ಇದು ದಾರಿ ಬಿಟ್ಟುದೋ, ಅಥವಾ ಬಹುಕಾಲ ಮುಚ್ಚಿದ್ದ ತಮ್ಮ ಮನೆಯ ಬಾಗಿಲನ್ನೇ ಮತ್ತೆ ತೆರೆದುದೋ ಎಂಬುದನ್ನು ನಾವು ಈ ಲೇಖನದಲ್ಲಿ ವಿಚಾರಿಸೋಣ.

ವಿಚಾರವು ಸಂಗೀತಗಾರರಿಗೆ ಮಾತ್ರ ಸಂಬಂಧಿಸಿದುದಲ್ಲ. ಒಂದು ಹಾಡಿಗೆ ಅಂಗಡಿಯವರು ಅಂಟಿಸಿದ ಹೆಸರಿನಿಂದ ಯಾರ ಹೊಟ್ಟೆ ತುಂಬಿತು, ಯಾರ ಹೊಟ್ಟೆ ಬರಿದಾಯಿತು ಎಂಬ ಪ್ರಶ್ನೆಯೂ ಇದರೊಳಗೆ ಅಡಗಿದೆ.

ನಿಲಯದ ಮೇಳವೆಂದರೇನು?

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಬೇಕು. ನಮ್ಮ ಆಕಾಶವಾಣಿಯಲ್ಲಿ 'ನಿಲಯದ ಕಲಾವಿದರು' ಎಂಬವರಿದ್ದುದನ್ನು ಓದುಗರು ಬಲ್ಲರು. ಹಾಡುವವರು ಊರೂರಿನಿಂದ ಬಂದು ಹೋಗುವರು. ಪಕ್ಕವಾದ್ಯ ನುಡಿಸುವ ಇವರು ಮಾತ್ರ ಅಲ್ಲಿಯೇ ಇದ್ದು ಬಂದವರಿಗೆಲ್ಲ ಒತ್ತಾಸೆಯಾಗುವರು. ಅಮೆರಿಕದಲ್ಲಿಯೂ ಇದೇ ಏರ್ಪಾಡು ಎರಡು ಕಡೆಗಳಲ್ಲಿ ಬೆಳೆಯಿತು. ಧ್ವನಿಮುದ್ರಣಾಲಯಗಳಲ್ಲಿ ದಿನಗೂಲಿಗೆ ನುಡಿಸುವ ಖಾಯಂ ಮೇಳಗಳು ಒಂದು. ರಾತ್ರಿಯ ಸಂಗೀತ ಮಂದಿರಗಳಲ್ಲಿ ಅತಿಥಿಗಳ ಹಿಂದೆ ನುಡಿಸುವ ಮೇಳಗಳು ಇನ್ನೊಂದು. ಇವರನ್ನೇ ನಾವು ನಿಲಯದ ಮೇಳವೆಂದು ಕರೆದಿದ್ದೇವೆ.

ಇಂಥ ಮೇಳದವರ ಹೆಸರು ಜನಕ್ಕೆ ತಿಳಿಯದು. ತಟ್ಟೆಯ ಮೇಲೆ ಅಚ್ಚಾಗುವುದು ಹಾಡಿದವರ ಹೆಸರು. ಆದರೆ ಒಂದೇ ಕೊಠಡಿಯಲ್ಲಿ ಐದಾರು ಜನರು ವರ್ಷಗಟ್ಟಲೆ ಕೂಡಿ ನುಡಿಸಿದಾಗ ಒಬ್ಬರ ಉಸಿರು ಇನ್ನೊಬ್ಬರಿಗೆ ತಿಳಿಯುತ್ತದೆ. ಮದ್ದಳೆಯವನು ಎಲ್ಲಿ ತಡೆಯುವನೆಂದು ಮಂದ್ರ ಗಿಟಾರಿನವನಿಗೆ ನೋಡದೆಯೇ ಗೊತ್ತು. ನ್ಯಾಶ್‌ವಿಲ್ ನಗರದ ವಾದಕರು ಇದಕ್ಕೆ ನೆರವಾಗಿ ಒಂದು ಜಾಣ ಉಪಾಯವನ್ನೂ ಕಂಡುಕೊಂಡರು. ಸ್ವರಮೇಳಗಳ ಹೆಸರನ್ನು ಬರೆಯುವುದಕ್ಕೆ ಬದಲಾಗಿ, ಆಧಾರ ಸ್ವರದಿಂದ ಅದು ಎಷ್ಟನೆಯದೆಂಬ ಅಂಕೆಯನ್ನು ಮಾತ್ರ ಚೀಟಿಯಲ್ಲಿ ಬರೆದುಕೊಳ್ಳುವರು: 1, 4, 5 ಎಂದು. ಹಾಡುವವರಿಗೆ ಶ್ರುತಿ ಎತ್ತರವಾಯಿತೆಂದರೆ ಚೀಟಿಯನ್ನು ತಿದ್ದುವ ಕೆಲಸವಿಲ್ಲ. ಷಡ್ಜವನ್ನು ಇಳಿಸಿಕೊಂಡರೆ ಸಾಕು, ಉಳಿದುದೆಲ್ಲ ತಾನಾಗಿ ಇಳಿಯುತ್ತದೆ. ಸರಿಗಮದಲ್ಲಿ ಬೆಳೆದ ನಮಗೆ ಇದು ವಿಚಿತ್ರವೆನಿಸದು.

ಎರಡು ಸಂಗೀತಗಳು, ಒಂದೇ ಹೊಲ

ಬ್ಲೂಸ್ ಎಂಬುದು ಅಮೆರಿಕದ ದಕ್ಷಿಣ ಪ್ರಾಂತಗಳ ಕಪ್ಪು ಜನರ ಸಂಗೀತ. ಗುಲಾಮಗಿರಿ ಮುಗಿದ ಮೇಲೆಯೂ ಹತ್ತಿಯ ಹೊಲಗಳಲ್ಲಿ ಗೇಣಿಗೆ ದುಡಿದು ಸಾಲದಲ್ಲಿ ಮುಳುಗಿದ್ದ ಜನರ ನೋವೂ ನಗೆಯೂ ಅದರಲ್ಲಿವೆ. ಅದರ ಕಟ್ಟು ಬಲು ಸರಳ. ನಾಲ್ಕು ಮಾತ್ರೆಗಳ ಹನ್ನೆರಡು ಆವರ್ತಗಳು ಒಂದು ನುಡಿ. ಮೊದಲ ಸಾಲನ್ನು ಎರಡು ಸಲ ಹಾಡಿ, ಮೂರನೆಯ ಸಾಲಿನಲ್ಲಿ ಅದಕ್ಕೆ ಉತ್ತರ ಕೊಡುವರು. ಪ್ರತಿ ಸಾಲಿನ ಕೊನೆಯಲ್ಲಿ ಹಾಡುಗಾರನು ನಿಲ್ಲಿಸಿದಾಗ ವಾದ್ಯವು ಮಾತಾಡುತ್ತದೆ. ಗಾಂಧಾರವನ್ನೂ ನಿಷಾದವನ್ನೂ ನೇರವಾಗಿ ಹಿಡಿಯದೆ, ಸಾಧಾರಣಕ್ಕೂ ಅಂತರಕ್ಕೂ ನಡುವೆ ತೂಗುಬಿಟ್ಟು ಎಳೆಯುವುದೇ ಅದರ ಜೀವಾಳ. ಪಿಯಾನೋವಿನ ಮನೆಗಳಲ್ಲಿ ದೊರೆಯದ ಈ ಸ್ವರವು ಗಿಟಾರಿನ ತಂತಿಯನ್ನು ಬೆರಳಿನಿಂದ ಓರೆಯಾಗಿ ಎಳೆದಾಗ ಹೊರಡುತ್ತದೆ. ಮುಂದೆ ಈ ಜನರು ಚಿಕಾಗೋ ಮೊದಲಾದ ಕೈಗಾರಿಕಾ ನಗರಗಳಿಗೆ ವಲಸೆ ಹೋದಾಗ ಗಿಟಾರಿಗೆ ವಿದ್ಯುತ್ತು ಬಂದಿತು. 1960ರ ದಶಕದಲ್ಲಿ ಇಂಗ್ಲೆಂಡಿನ ತರುಣರು ಆ ಧ್ವನಿಯನ್ನು ಕೇಳಿ ಮರುಳಾಗಿ, ಅದಕ್ಕೆ ರಾಕ್ ಸಂಗೀತದ ವೇಗವನ್ನೂ ಗಡಸುತನವನ್ನೂ ಕೂಡಿಸಿದರು. ಬ್ಲೂಸ್-ರಾಕ್ ಎಂಬುದು ಹೀಗೆ ಹುಟ್ಟಿತು.

ಕಂಟ್ರಿ ಎಂಬುದು ಅದೇ ದಕ್ಷಿಣದ ಬಡ ಬಿಳಿಯ ಒಕ್ಕಲಿಗರ ಸಂಗೀತವೆಂದು ಹೆಸರು. ಪಿಟೀಲು, ಬ್ಯಾಂಜೊ, ಗಿಟಾರುಗಳು ಅದರ ವಾದ್ಯಗಳು. ಆದರೆ ಬ್ಯಾಂಜೊ ವಾದ್ಯದ ಮೂಲವೇ ಆಫ್ರಿಕ. ಕಂಟ್ರಿಯ ಮೊದಲ ದೊಡ್ಡ ಗಾಯಕ ಜಿಮ್ಮಿ ರಾಜರ್ಸನು ಹಾಡಿದ 'ಬ್ಲೂ ಯೋಡಲ್' ಎಂಬ ಹಾಡುಗಳು ಕಟ್ಟಿನಲ್ಲಿ ಬ್ಲೂಸೇ ಸರಿ. 1930ರಲ್ಲಿ ಅವುಗಳಲ್ಲೊಂದಕ್ಕೆ ತುತ್ತೂರಿ ನುಡಿಸಿದವನು ಕಪ್ಪು ಜನರ ಮಹಾಕಲಾವಿದ ಲೂಯಿ ಆರ್ಮ್‌ಸ್ಟ್ರಾಂಗ್. ಹ್ಯಾಂಕ್ ವಿಲಿಯಮ್ಸನು ಬಾಲ್ಯದಲ್ಲಿ ಪಾಠ ಹೇಳಿಸಿಕೊಂಡುದು ರೂಫಸ್ ಪೇನ್ ಎಂಬ ಕಪ್ಪು ಬೀದಿ ಹಾಡುಗಾರನಿಂದ. ಒಂದೇ ಹೊಲದ ಎರಡು ಬದುಗಳಲ್ಲಿ ಬೆಳೆದ ಬೆಳೆ ಇದು.

ಬದುವನ್ನು ಗೋಡೆಯಾಗಿ ಎತ್ತಿದವರು ತಟ್ಟೆ ಮಾರುವವರು. 1920ರ ದಶಕದಲ್ಲಿ ಕಂಪನಿಗಳು ಕಪ್ಪು ಜನರ ಹಾಡುಗಳನ್ನು 'ಜನಾಂಗದ ತಟ್ಟೆಗಳು' ಎಂಬ ಪಟ್ಟಿಯಲ್ಲಿಯೂ, ಬಿಳಿಯ ಹಳ್ಳಿಗರ ಹಾಡುಗಳನ್ನು 'ಗುಡ್ಡಗಾಡಿನ ಹಾಡುಗಳು' ಎಂಬ ಪಟ್ಟಿಯಲ್ಲಿಯೂ ಬೇರೆಬೇರೆಯಾಗಿ ಮಾರಲಾರಂಭಿಸಿದವು. ಪಟ್ಟಿಯು ಬೇರೆಯಾಯಿತೆಂದರೆ ಅಂಗಡಿಯೂ ಬೇರೆ, ಆಕಾಶವಾಣಿಯ ಕೇಂದ್ರವೂ ಬೇರೆ, ಸಿಕ್ಕುವ ಹಣವೂ ಬೇರೆ. 1949ರಲ್ಲಿ 'ಬಿಲ್‌ಬೋರ್ಡ್' ಎಂಬ ವಾರಪತ್ರಿಕೆಯು 'ಜನಾಂಗ' ಎಂಬ ಅವಮಾನದ ಮಾತನ್ನು ಬಿಟ್ಟು 'ರಿದಂ ಅಂಡ್ ಬ್ಲೂಸ್' ಎಂಬ ಹೆಸರನ್ನು ತಂದಿತು. ಆ ಹೆಸರನ್ನು ಸೂಚಿಸಿದವನು ಅಲ್ಲಿ ಬರೆಯುತ್ತಿದ್ದ ಜೆರಿ ವೆಕ್ಸ್ಲರ್ ಎಂಬ ತರುಣ. ಓದುಗರು ಈ ಹೆಸರನ್ನು ನೆನಪಿನಲ್ಲಿಡಬೇಕು. ನಮ್ಮ ಕಥೆಯಲ್ಲಿ ಅವನು ಮತ್ತೊಮ್ಮೆ ಬರುವನು.

ನೂರೈವತ್ತು ಡಾಲರಿನ ಹಾಡು

ವಿಲಿಯು ಹುಟ್ಟಿದುದು 1933ರ ಏಪ್ರಿಲಿನಲ್ಲಿ, ಟೆಕ್ಸಸ್ಸಿನ ಅಬಟ್ ಎಂಬ ಸಣ್ಣ ಊರಿನಲ್ಲಿ. ತಾಯಿತಂದೆಗಳು ಬೇರೆಯಾಗಿ ಊರು ಬಿಟ್ಟುಹೋದುದರಿಂದ ವಿಲಿಯನ್ನೂ ಅಕ್ಕ ಬಾಬಿಯನ್ನೂ ಅಜ್ಜ ಅಜ್ಜಿಯರು ಸಾಕಿದರು. ಅಜ್ಜ ಕಮ್ಮಾರ. ಆರು ವರ್ಷದ ಮೊಮ್ಮಗನ ಕೈಗೆ ಗಿಟಾರನ್ನು ಕೊಟ್ಟು ನಾಲ್ಕು ಸ್ವರ ಹೇಳಿಕೊಟ್ಟವನೂ ಅವನೇ. ಹುಡುಗನು ಹತ್ತಿ ಬಿಡಿಸಲು ಹೊಲಕ್ಕೆ ಹೋಗುತ್ತಿದ್ದನು. ಬೆನ್ನು ಬಾಗಿಸಿ ಹತ್ತಿ ಬಿಡಿಸುವ ಆ ಸಾಲುಗಳಲ್ಲಿ ಕಪ್ಪು ಜನರ ಹಾಡೂ ಮೆಕ್ಸಿಕೋದವರ ಹಾಡೂ ಅವನ ಕಿವಿಗೆ ಬೀಳುತ್ತಿದ್ದವು. ಭಾನುವಾರ ದೇವಾಲಯದ ಕೀರ್ತನೆಗಳು, ರಾತ್ರಿ ರೇಡಿಯೋ. ಹುಡುಗನಿಗೆ ಇವು ಬೇರೆಬೇರೆ ಪಟ್ಟಿಯ ಸರಕುಗಳೆಂದು ಯಾರೂ ಹೇಳಿರಲಿಲ್ಲ.

ಅದನ್ನು ಹೇಳುವವರು ಮುಂದೆ ಸಿಕ್ಕಿದರು. 1950ರ ದಶಕದ ಕೊನೆಯಲ್ಲಿ ನೆಲ್ಸನ್ನರು ಹೆಂಡತಿ ಮಕ್ಕಳೊಡನೆ ಹೂಸ್ಟನ್ ನಗರದ ಬಳಿ ವಾಸವಾಗಿದ್ದರು. ಪಾಲ್ ಬಸ್ಕರ್ಕ್ ಎಂಬ ವಾದಕರ ಶಾಲೆಯಲ್ಲಿ ಗಿಟಾರಿನ ಪಾಠ ಹೇಳುತ್ತಲೂ, ರಾತ್ರಿ ಎಸ್ಕ್ವೈರ್ ಬಾಲ್‌ರೂಂ ಎಂಬ ನೃತ್ಯಮಂದಿರದಲ್ಲಿ ಹಾಡುತ್ತಲೂ ಹೊಟ್ಟೆ ಹೊರೆಯುತ್ತಿದ್ದರು. ಅಲ್ಲಿಗೆ ಹೋಗಿಬರುವ ದೂರದ ದಾರಿಯಲ್ಲಿ ಅವರ ಮನಸ್ಸಿನಲ್ಲಿ ಮೂಡಿದ ಹಾಡು 'ನೈಟ್ ಲೈಫ್'. ರಾತ್ರಿಯ ದುಡಿಮೆಯವರ ಬಾಳಿನ ಹಾಡು ಅದು. ನಡೆಯಲ್ಲಿಯೂ ಸ್ವರದಲ್ಲಿಯೂ ಅಪ್ಪಟ ಬ್ಲೂಸ್. ಆಗ ಅವರ ಹಾಡುಗಳನ್ನು ಪ್ರಕಟಿಸುತ್ತಿದ್ದ ಕಂಪನಿಯ ಯಜಮಾನನಾದ ಪ್ಯಾಪಿ ಡೇಲಿಯು ಅದನ್ನು ಕೇಳಿ, ಇದು ಕಂಟ್ರಿಯಲ್ಲವೆಂದು ತಳ್ಳಿಬಿಟ್ಟನು.

ಮನೆಯಲ್ಲಿ ಕಾಸಿಲ್ಲ. ನೆಲ್ಸನ್ನರು ಆ ಹಾಡಿನ ಹಕ್ಕನ್ನು ನೂರೈವತ್ತು ಡಾಲರಿಗೆ ಮಾರಿದರು. 1960ರಲ್ಲಿ ಅದು ಮೊದಲು ತಟ್ಟೆಯಾಗಿ ಹೊರಬಂದಾಗ ಅದರ ಮೇಲಿದ್ದುದು 'ಪಾಲ್ ಬಸ್ಕರ್ಕ್ ಮತ್ತು ಮೇಳ, ಹಾಡಿದವರು ಹ್ಯೂ ನೆಲ್ಸನ್' ಎಂಬರ್ಥದ ಹೆಸರು. ಹ್ಯೂ ಎಂಬುದು ಅವರ ನಡುವಣ ಹೆಸರು. ತಮ್ಮದೇ ಹಾಡನ್ನು ತಮ್ಮ ಪೂರ್ತಿ ಹೆಸರಿನಲ್ಲಿ ಹಾಡುವುದಕ್ಕೂ ಅವರಿಗೆ ಎಡೆಯಾಗಲಿಲ್ಲ. ಮುಂದೆ 1963ರಲ್ಲಿ ರೇ ಪ್ರೈಸ್ ಎಂಬ ಕಂಟ್ರಿ ಗಾಯಕನು ಅದನ್ನು ಹಾಡಿದನು. ಬ್ಲೂಸಿನ ದೊಡ್ಡ ಕಲಾವಿದ ಬಿ. ಬಿ. ಕಿಂಗನೂ ಅದೇ ದಶಕದಲ್ಲಿ ಅದನ್ನು ತನ್ನದಾಗಿಸಿಕೊಂಡನು. ಕಂಟ್ರಿಯಲ್ಲವೆಂದು ತಳ್ಳಿದ ಹಾಡನ್ನು ಎರಡು ಮನೆಯವರೂ ಕರೆದು ಮಣೆ ಹಾಕಿದಂತಾಯಿತು.

ನ್ಯಾಶ್‌ವಿಲ್ಲಿನ ಮೇಳ

1960ರಲ್ಲಿ ನೆಲ್ಸನ್ನರು ಕಂಟ್ರಿಯ ರಾಜಧಾನಿಯಾದ ನ್ಯಾಶ್‌ವಿಲ್ಲಿಗೆ ಹೋದರು. ಮಾರನೆಯ ವರ್ಷ ಅವರು ಬರೆದ 'ಹಲೋ ವಾಲ್ಸ್' ಎಂಬುದನ್ನು ಫ್ಯಾರನ್ ಯಂಗನೂ, 'ಕ್ರೇಜಿ' ಎಂಬುದನ್ನು ಪ್ಯಾಟ್ಸಿ ಕ್ಲೈನಳೂ ಹಾಡಿ ಮನೆಮಾತು ಮಾಡಿದರು. ಕವಿಯಾಗಿ ಅವರು ಗೆದ್ದರು, ಗಾಯಕರಾಗಿ ಗೆಲ್ಲಲಿಲ್ಲ. ಕಾರಣವು ತಿಳಿಯತಕ್ಕದ್ದಾಗಿದೆ.

ನೆಲ್ಸನ್ನರ ಹಾಡಿಕೆಯಲ್ಲಿ ಒಂದು ವಿಶೇಷವುಂಟು. ಅವರು ತಾಳದ ಪೆಟ್ಟಿನ ಮೇಲೆ ಮಾತನ್ನು ಇಡುವುದಿಲ್ಲ. ಪೆಟ್ಟು ಬಿದ್ದು ಹೋದ ಮೇಲೆ ಸಾವಕಾಶವಾಗಿ ಬರುವರು. ಒಮ್ಮೊಮ್ಮೆ ಅವಸರವಾಗಿ ಮುಂದೆಯೇ ಬಂದು ಕಾಯುವರು. ಸಾಲಿನ ಕೊನೆಯಲ್ಲಿ ಮಾತ್ರ ಸರಿಯಾಗಿ ಕೂಡಿಕೊಳ್ಳುವರು. ಜಗಲಿಯಲ್ಲಿ ಕುಳಿತು ಮಾತಾಡುವ ಹಿರಿಯನ ಲಯ ಅದು. ಅತೀತ ಅನಾಗತಗಳ ರುಚಿಯನ್ನು ಬಲ್ಲ ನಮ್ಮವರಿಗೆ ಇದು ದೋಷವಾಗಿ ಕಾಣದು. ನ್ಯಾಶ್‌ವಿಲ್ಲಿನಲ್ಲಾದರೋ 1964ರಿಂದ 1972ರ ವರೆಗೆ ಅವರು ಹಾಡಿದ ದೊಡ್ಡ ಕಂಪನಿಯ ಪದ್ಧತಿ ಬೇರೆ. ಅಲ್ಲಿ ನಿಲಯದ ವಾದಕರು ದಿನಕ್ಕೆ ಮೂರು ನಾಲ್ಕು ಸರದಿಗಳಲ್ಲಿ ಬೇರೆಬೇರೆ ಗಾಯಕರಿಗೆ ನುಡಿಸಿ ಮುಗಿಸಬೇಕು. ನಿಪುಣರೇನೋ ಹೌದು, ಆದರೆ ಗಡಿಯಾರವು ಅವರ ತಲೆಯ ಮೇಲಿತ್ತು. ಅದರ ಮೇಲೆ ಪಿಟೀಲುಗಳ ಗುಂಪು, ಹಿನ್ನೆಲೆಯ ಗಾಯಕರ ಗುಂಪು, ಇವುಗಳ ಲೇಪ. ಸಂಚಾರದಲ್ಲಿ ತಮ್ಮೊಡನೆ ನುಡಿಸುತ್ತಿದ್ದ ಸ್ವಂತ ಮೇಳವನ್ನು ಮುದ್ರಣಕ್ಕೆ ತರುವ ರೂಢಿಯೂ ಇರಲಿಲ್ಲ. ಅತಿಥಿಯು ಮನೆಯವರ ಅಳತೆಗೆ ತನ್ನನ್ನು ಕತ್ತರಿಸಿಕೊಳ್ಳಬೇಕಾದ ಮನೆ ಅದು.

1970ರ ಸುಮಾರಿಗೆ ನ್ಯಾಶ್‌ವಿಲ್ ಬಳಿಯಿದ್ದ ಅವರ ಮನೆಗೆ ಬೆಂಕಿ ಬಿದ್ದಿತು. ಉರಿಯುವ ಮನೆಯೊಳಗೆ ಹೊಕ್ಕು ಅವರು ಹೊರತಂದುದರಲ್ಲಿ ಒಂದು ಗಿಟಾರೂ ಇತ್ತು. 1969ರಲ್ಲಿ ಕೊಂಡ ಮಾರ್ಟಿನ್ ಕಂಪನಿಯ ನೈಲಾನ್ ತಂತಿಯ ವಾದ್ಯ ಅದು, ಹೆಸರು 'ಟ್ರಿಗರ್'. ದಶಕಗಟ್ಟಲೆ ಬೆರಳು ಉಜ್ಜಿ ಉಜ್ಜಿ ಅದರ ಹಲಗೆಯಲ್ಲಿ ಒಂದು ತೂತೇ ಬಿದ್ದಿದೆ. ಮನೆ ಸುಟ್ಟ ಮೇಲೆ ಅವರು ಟೆಕ್ಸಸ್ಸಿಗೆ ಹಿಂದಿರುಗಿ 1972ರಲ್ಲಿ ಆಸ್ಟಿನ್ನಿನಲ್ಲಿ ನೆಲೆಸಿದರು. ಅಲ್ಲಿ ರಾಕ್ ಕೇಳುವ ಉದ್ದಕೂದಲಿನ ತರುಣರೂ ಕಂಟ್ರಿ ಕೇಳುವ ದನಗಾಹಿಗಳೂ ಒಂದೇ ಸಭಾಂಗಣದಲ್ಲಿ ನಿಂತು ಅವರ ಹಾಡನ್ನು ಕೇಳಿದರು.

ಆಲಬಾಮದ ಮೇಳ, ಮೆಂಫಿಸಿನ ಗುರು

ಈಗ ಜೆರಿ ವೆಕ್ಸ್ಲರನು ಮತ್ತೆ ಕಾಣಿಸಿಕೊಳ್ಳುವನು. ಅವನು ಅಟ್ಲಾಂಟಿಕ್ ಎಂಬ ಕಂಪನಿಯ ಪಾಲುದಾರನಾಗಿ, ಕಪ್ಪು ಜನರ ಸಂಗೀತವನ್ನು ಮುದ್ರಿಸಿ ಹೆಸರಾಗಿದ್ದನು. ನೆಲ್ಸನ್ನರನ್ನು ತನ್ನ ಕಂಪನಿಗೆ ಕರೆತಂದು, ಎರಡನೆಯ ಮುದ್ರಿಕೆಗಾಗಿ ಅವರನ್ನು ಆಲಬಾಮದ ಮಸಲ್ ಶೋಲ್ಸ್ ಎಂಬ ಊರಿಗೆ ಕಳುಹಿಸಿದನು. ಟೆನೆಸಿ ನದಿಯ ದಂಡೆಯ ಆ ಊರಿನಲ್ಲಿ ನಾಲ್ವರು ಬಿಳಿಯ ವಾದಕರ ಒಂದು ನಿಲಯದ ಮೇಳವಿತ್ತು: ಪಿಯಾನೋ ನುಡಿಸುವ ಬ್ಯಾರಿ ಬೆಕೆಟ್, ಮದ್ದಳೆಯ ರಾಜರ್ ಹಾಕಿನ್ಸ್, ಮಂದ್ರ ಗಿಟಾರಿನ ಡೇವಿಡ್ ಹುಡ್, ಗಿಟಾರಿನ ಜಿಮ್ಮಿ ಜಾನ್ಸನ್. ಅರೀಥಾ ಫ್ರಾಂಕ್ಲಿನ್, ವಿಲ್ಸನ್ ಪಿಕೆಟ್ ಮೊದಲಾದ ಕಪ್ಪು ಗಾಯಕರ ಹಿಂದೆ ಆ ಊರಿನವರು ನುಡಿಸಿದುದನ್ನು ಕೇಳಿದವರು, ನುಡಿಸಿದವರೂ ಕಪ್ಪು ಜನರೇ ಎಂದು ತಿಳಿಯುತ್ತಿದ್ದರು. ಕಂಟ್ರಿ ಗಾಯಕನನ್ನು ಅಂಥವರ ನಡುವೆ ಕೂಡಿಸುವುದು ಆಗ ಸಾಹಸವೇ ಸರಿ.

ಫಲವಾಗಿ 1974ರಲ್ಲಿ 'ಫೇಸಸ್ ಅಂಡ್ ಸ್ಟೇಜಸ್' ಹೊರಬಂದಿತು. ಒಂದು ದಾಂಪತ್ಯವು ಮುರಿದ ಕಥೆ ಅದು. ತಟ್ಟೆಯ ಒಂದು ಮಗ್ಗುಲಲ್ಲಿ ಹೆಂಡತಿಯ ಮನಸ್ಸು, ಇನ್ನೊಂದು ಮಗ್ಗುಲಲ್ಲಿ ಗಂಡನ ಮನಸ್ಸು. ಮನೆಯ ಕೆಲಸದಲ್ಲಿ ಸವೆದ ಹೆಣ್ಣಿನ ಮಾತನ್ನು ಮೊದಲು ಹೇಳಿಸಿ, ಗಂಡಸಿನ ಅಳಲನ್ನು ಆಮೇಲೆ ಇಟ್ಟುದು ಆ ಕಾಲದ ಹಾಡುಗಳಲ್ಲಿ ಅಪರೂಪ. ಆಲಬಾಮದ ಮೇಳದವರು ಇಲ್ಲಿ ತಮ್ಮ ಬಲವನ್ನು ತೋರಿಸಲು ಹೋಗಲಿಲ್ಲ. ಹಾಕಿನ್ಸನ ಪೆಟ್ಟು ಅಲುಗದೆ ನಿಂತಿತು. ಹಾಡುವವರು ಅದರ ಸುತ್ತ ಹಿಂದೆಮುಂದೆ ಸುಳಿದಾಡಿದರು. ಕಂಬ ಗಟ್ಟಿಯಾಗಿದ್ದರೆ ತಾನೆ ಬಳ್ಳಿಯು ಬೇಕಾದಂತೆ ಬಳುಕಬಹುದು?

ಮೂರನೆಯ ಸೇರುವೆ ಇನ್ನೂ ಸೊಗಸಾದುದು. ಮೆಂಫಿಸ್ ನಗರದಲ್ಲಿ ಹಳೆಯ ಚಲಚ್ಚಿತ್ರ ಮಂದಿರವೊಂದನ್ನು ಮುದ್ರಣಾಲಯವಾಗಿ ಮಾಡಿಕೊಂಡಿದ್ದ ಸ್ಟ್ಯಾಕ್ಸ್ ಎಂಬ ಕಂಪನಿಯಿತ್ತು. ಅದರ ನಿಲಯದ ಮೇಳದಲ್ಲಿ ಇಬ್ಬರು ಕಪ್ಪು ಜನರು, ಇಬ್ಬರು ಬಿಳಿಯರು. ಅದೇ ನಗರದ ಹೋಟೆಲುಗಳಲ್ಲಿ ಇವರು ಒಂದೇ ಮೇಜಿನಲ್ಲಿ ಕುಳಿತು ಉಣ್ಣಲಾಗದಿದ್ದ ದಿನಗಳು ಅವು. ಆ ಮೇಳದ ಮುಖ್ಯಸ್ಥನು ಬುಕರ್ ಟಿ. ಜೋನ್ಸ್ ಎಂಬ ಕಪ್ಪು ತರುಣ, ಆರ್ಗನ್ ವಾದಕ. ಮುಂದೆ ಇವರೂ ನೆಲ್ಸನ್ನರೂ ಕ್ಯಾಲಿಫೋರ್ನಿಯದ ಸಮುದ್ರ ತೀರದಲ್ಲಿ ನೆರೆಯವರಾದರು. ಇಬ್ಬರೂ ಕಲೆತು 1978ರಲ್ಲಿ 'ಸ್ಟಾರ್‌ಡಸ್ಟ್' ಎಂಬ ಮುದ್ರಿಕೆಯನ್ನು ಮಾಡಿದರು. ಅದರ ನಿರ್ಮಾಣ ಜೋನ್ಸರದು. ನೆಲ್ಸನ್ನರು ಬಾಲ್ಯದಲ್ಲಿ ಕೇಳಿದ ಹಳೆಯ ಪ್ರೇಮಗೀತೆಗಳು ಅದರಲ್ಲಿವೆ. ಕಂಟ್ರಿ ಗಾಯಕರಿಂದ ಇದನ್ನು ಯಾರು ಕೊಳ್ಳುವರೆಂದು ಕಂಪನಿಯವರು ಅನುಮಾನಪಟ್ಟರು. ಆದರೆ ಅದು ಸುಮಾರು ಹತ್ತು ವರ್ಷಗಳ ಕಾಲ ಕಂಟ್ರಿಯ ಮಾರಾಟದ ಪಟ್ಟಿಯಲ್ಲಿ ಉಳಿಯಿತು.

ಆಂಟೋನ್ಸ್ ಮಂದಿರ

ಇನ್ನು ಆಸ್ಟಿನ್ನಿನ ಬ್ಲೂಸ್ ಮಂದಿರದ ವಿಷಯ. ಲೆಬನಾನಿನಿಂದ ಬಂದ ಮನೆತನದ ಕ್ಲಿಫರ್ಡ್ ಆಂಟೋನನು 1975ರ ಜುಲೈಯಲ್ಲಿ, ಇಪ್ಪತ್ತೈದು ವರ್ಷದವನಾಗಿದ್ದಾಗ, ಆರನೆಯ ಬೀದಿಯಲ್ಲಿ 'ಆಂಟೋನ್ಸ್' ಎಂಬ ಸಂಗೀತ ಮಂದಿರವನ್ನು ತೆರೆದನು. ಆ ದಿನಗಳಲ್ಲಿ ಬ್ಲೂಸಿನ ಹಿರಿಯರಲ್ಲಿ ಅನೇಕರಿಗೆ ಕೆಲಸವೇ ಕಡಮೆ. ಅವನು ಅವರನ್ನು ಚಿಕಾಗೋದಿಂದಲೂ ಇತರ ಕಡೆಗಳಿಂದಲೂ ಕರೆಸಿಕೊಂಡನು. ಮಡಿ ವಾಟರ್ಸ್, ಹ್ಯೂಬರ್ಟ್ ಸಮ್ಲಿನ್ ಮೊದಲಾದವರು ಅಲ್ಲಿ ನುಡಿಸಿದರು. ಮೇಳವನ್ನು ಜೊತೆಗೆ ಕರೆತರುವಷ್ಟು ಅನುಕೂಲವಿಲ್ಲದ ಮುದುಕರು ಒಂಟಿಯಾಗಿ ಬಂದರೆ, ಮಂದಿರದ ಮೇಳವೇ ಅವರ ಬೆನ್ನಿಗೆ ನಿಲ್ಲುತ್ತಿತ್ತು. ಹೀಗೆ ಆ ಮೇಳದ ತರುಣರಿಗೆ ಪುಸ್ತಕದಲ್ಲಿಲ್ಲದ ಪಾಠವು ದಕ್ಕಿತು. ಗುರುಗಳು ತಾವಾಗಿ ಶಿಷ್ಯರ ಊರಿಗೆ ಬಂದ ಗುರುಕುಲವೆಂದು ಅದನ್ನು ಕರೆದರೆ ತಪ್ಪಾಗಲಾರದು. ಆಂಟೋನನು 2006ರಲ್ಲಿ ತೀರಿಕೊಂಡನು.

'ಮಿಲ್ಕ್ ಕೌ ಬ್ಲೂಸ್' ಮುದ್ರಿಕೆಗೆ ನೆಲ್ಸನ್ನರು ಆರಿಸಿಕೊಂಡುದು ಈ ಮೇಳದವರನ್ನು. ಡೆರೆಕ್ ಒಬ್ರಿಯನ್ ಮತ್ತು ಜಿಮ್ಮಿ ವಾನ್ ಗಿಟಾರುಗಳನ್ನೂ ಜಾರ್ಜ್ ರೇನ್ಸ್ ಮದ್ದಳೆಯನ್ನೂ ನುಡಿಸಿದರು. ಇವರಿಗೆ ವೃದ್ಧ ಗಾಯಕರ ಮನೋಧರ್ಮವು ಹೊಸತಲ್ಲ. ಸಾಲನ್ನು ಎಲ್ಲೋ ಮುರಿದು, ಆವರ್ತವನ್ನು ಎಲ್ಲೋ ಹಿಗ್ಗಿಸಿ ಹಾಡುವ ಹಳೆಯ ಬ್ಲೂಸ್ ಗಾಯಕರ ಹಿಂದೆ ಕಾಲು ಶತಮಾನ ನುಡಿಸಿದವರು ಇವರು. ಆದುದರಿಂದಲೇ, ನ್ಯಾಶ್‌ವಿಲ್ಲಿನವರಿಗೆ ತೊಡಕಾಗಿದ್ದ ನೆಲ್ಸನ್ನರ ಲಯವು ಇವರಿಗೆ ಪರಿಚಿತವಾದ ಮನೆಮಾತಿನಂತೆ ಕೇಳಿಸಿರಬೇಕು. ಕಂಟ್ರಿಯ ಕುಂದೆಂದು ಎಣಿಸಿದುದು ಬ್ಲೂಸಿನಲ್ಲಿ ಗುಣವಾಯಿತು. ನಮ್ಮ ಲೇಖನದ ತಿರುಳೆಲ್ಲ ಈ ಒಂದು ಮಾತಿನಲ್ಲಿದೆ.

ಮುದ್ರಿಕೆಗೆ ಹೆಸರು ಕೊಟ್ಟ ಹಾಡಿನ ಚರಿತ್ರೆಯೂ ಗಮನಿಸತಕ್ಕದ್ದು. ಕರೆಯುವ ಹಸು ಕಳೆದುಹೋದವನ ಅಳಲಿನ ನೆವದಲ್ಲಿ, ಬಿಟ್ಟುಹೋದ ಹೆಣ್ಣಿಗಾಗಿ ಕೊರಗುವ ಹಾಡು ಅದು. ಕೊಕೊಮೊ ಆರ್ನಲ್ಡ್ ಎಂಬ ಕಪ್ಪು ಹಾಡುಗಾರನು 1934ರಲ್ಲಿ ಅದನ್ನು ಮುದ್ರಿಸಿದನು. 1941ರಲ್ಲಿ ಜಾನಿ ಲೀ ವಿಲ್ಸನ ಕಂಟ್ರಿ ಮೇಳವು ಅದನ್ನು ಕುಣಿತದ ಹಾಡಾಗಿ ಮಾಡಿತು. 1954ರ ಕೊನೆಯಲ್ಲಿ ಮೆಂಫಿಸಿನ ತರುಣ ಎಲ್ವಿಸ್ ಪ್ರೆಸ್ಲಿಯು ಅದನ್ನೇ ರಾಕ್ ನಡೆಯಲ್ಲಿ ಓಡಿಸಿದನು. ಒಂದೇ ಹಸು ಮೂರು ಮನೆಗಳಿಗೆ ಹಾಲು ಕೊಟ್ಟಿತು. ಆದರೆ ಮೊದಲು ಅದನ್ನು ಕಟ್ಟಿ ಸಾಕಿದ ಆರ್ನಲ್ಡನು 1938ರಲ್ಲಿಯೇ ಬೇಸತ್ತು ಸಂಗೀತವನ್ನು ಬಿಟ್ಟು, ಚಿಕಾಗೋದ ಕಾರ್ಖಾನೆಯಲ್ಲಿ ಕೂಲಿಗೆ ಸೇರಿದನು, 1968ರಲ್ಲಿ ತೀರಿಕೊಂಡನು. ಹಾಡು ಗೋಡೆಗಳನ್ನು ಹಾರಿ ಹೋಯಿತು, ಹಣವು ಹಾರಲಿಲ್ಲ. ಬ್ಲೂಸನ್ನು ಹಾಡುವ ಬಿಳಿಯರ ವಿಷಯವಾಗಿ ಕೇಳಿಬರುವ ಆಕ್ಷೇಪಕ್ಕೆ ಬೇರು ಇಲ್ಲಿದೆ. ಅದನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ.

ನೆಲ್ಸನ್ನರಿಗೆ ಈ ಆಕ್ಷೇಪವು ಎಷ್ಟರಮಟ್ಟಿಗೆ ತಟ್ಟುತ್ತದೆ? ಅವರು ಬ್ಲೂಸಿನ ಅಂಗಳಕ್ಕೆ ಕದ್ದು ಇಳಿದವರಲ್ಲ. ಮುದ್ರಿಕೆಯಲ್ಲಿ ಬಿ. ಬಿ. ಕಿಂಗ್, ಡಾಕ್ಟರ್ ಜಾನ್, ಕೆಬ್ ಮೊ, ಫ್ರಾನ್ಸಿನ್ ರೀಡ್ ಮೊದಲಾದ ಬ್ಲೂಸಿನವರನ್ನು ಹೆಸರು ಹಿಡಿದು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡರು. ತಾವೇ ಬರೆದ 'ಕ್ರೇಜಿ'ಯನ್ನು ಸೂಸನ್ ಟೆಡೆಸ್ಕಿಯೊಡನೆ ಹಂಚಿಕೊಂಡು ಹಾಡಿದರು. ಎಲ್ಲಕ್ಕೂ ಮಿಗಿಲಾಗಿ, ನೂರೈವತ್ತು ಡಾಲರಿಗೆ ಹೋಗಿದ್ದ 'ನೈಟ್ ಲೈಫ್' ಹಾಡನ್ನು, ಕಂಟ್ರಿಯಲ್ಲವೆಂದು ತಳ್ಳಿಸಿಕೊಂಡು ನಾಲ್ವತ್ತು ವರ್ಷಗಳಾದ ಮೇಲೆ, ಕಿಂಗರೊಡನೆ ಕೂಡಿ ಹಾಡಿದರು.

ಈ ಇಬ್ಬರು ಹಿರಿಯರ ಬಾಳಿನಲ್ಲಿ ಹೋಲಿಕೆಗಳು ಅನೇಕ. 1925ರಲ್ಲಿ ಹುಟ್ಟಿದ ಕಿಂಗರೂ ಮಿಸಿಸಿಪಿಯಲ್ಲಿ ಹತ್ತಿ ಬಿಡಿಸಿ ಬೆಳೆದವರು. 1949ರಲ್ಲಿ ಅರ್ಕನ್ಸಾದ ಒಂದು ಕುಣಿತದ ಮನೆಗೆ ಬೆಂಕಿ ಹತ್ತಿದಾಗ ಅವರೂ ಒಳಗೆ ನುಗ್ಗಿ ಗಿಟಾರನ್ನು ಉಳಿಸಿಕೊಂಡರು. ಬೆಂಕಿಗೆ ಕಾರಣವಾದ ಜಗಳವು ಲೂಸಿಲ್ ಎಂಬ ಹೆಣ್ಣಿಗಾಗಿ ಎದ್ದುದೆಂದು ತಿಳಿದು, ಮತ್ತೆಂದೂ ಇಂಥ ಹುಚ್ಚು ಸಾಹಸ ಮಾಡಬಾರದೆಂಬ ನೆನಪಿಗಾಗಿ ಆ ವಾದ್ಯಕ್ಕೆ ಅದೇ ಹೆಸರನ್ನಿಟ್ಟರು. ಉರಿಯಿಂದ ವಾದ್ಯವನ್ನು ಎತ್ತಿಕೊಂಡು ಬಂದ ಇಬ್ಬರು, ಹೊಲದಿಂದ ಹಾಡನ್ನು ಎತ್ತಿಕೊಂಡು ಬಂದ ಇಬ್ಬರು, ಒಂದೇ ಹಾಡಿನಲ್ಲಿ ಕೂಡಿದಾಗ ಯಾರದು ಕಂಟ್ರಿ, ಯಾರದು ಬ್ಲೂಸ್ ಎಂದು ಕೇಳುವುದು ವ್ಯರ್ಥವಾಗುತ್ತದೆ. ಕಿಂಗರು 2015ರಲ್ಲಿ ನಿಧನರಾದರು.

ಗುಣವನ್ನು ಹೇಳಿದಂತೆ ಕೊರತೆಯನ್ನೂ ಹೇಳಬೇಕಷ್ಟೆ. ಈ ಮುದ್ರಿಕೆಯಲ್ಲಿ ಅತಿಥಿಗಳು ಹೆಚ್ಚಾದರೆಂದು ನಮಗೆ ತೋರುತ್ತದೆ. 'ಟೆಕ್ಸಸ್ ಫ್ಲಡ್' ಎಂಬ ಹಾಡಿನಲ್ಲಿ ತರುಣ ಗಿಟಾರ್ ವಾದಕನ ಅಬ್ಬರದ ಮುಂದೆ ನೈಲಾನ್ ತಂತಿಯ ಹಳೆಯ ವಾದ್ಯವು ಹಿಂದೆ ಸರಿದಂತಾಗಿದೆ. ಬ್ಲೂಸ್-ರಾಕಿನಲ್ಲಿ ಈ ಅಪಾಯವು ಯಾವಾಗಲೂ ಉಂಟು: ಅಬ್ಬರವೇ ಭಾವವೆಂದು ತಿಳಿಯುವುದು. ನಿಲಯದ ಮೇಳದವರು ಮಾತ್ರ ಈ ಬಲೆಗೆ ಬೀಳಲಿಲ್ಲ. ಎಷ್ಟು ನುಡಿಸಬೇಕೆಂಬುದಕ್ಕಿಂತ ಎಲ್ಲಿ ಸುಮ್ಮನಿರಬೇಕೆಂಬುದೇ ಅವರ ದೊಡ್ಡ ವಿದ್ಯೆ.

ಯಕ್ಷಗಾನದಲ್ಲಿ ಜನರ ಕಣ್ಣು ಮುಮ್ಮೇಳದ ವೇಷಗಳ ಮೇಲೆ. ಆದರೆ ಆಟ ಏಳುವುದೂ ಬೀಳುವುದೂ ಹಿಮ್ಮೇಳದ ಕೈಯಲ್ಲಿ ಎಂದು ಬಲ್ಲವರು ಹೇಳುವರು. ನೆಲ್ಸನ್ನರ ಸಂಗೀತಜೀವನವನ್ನು ಈ ದೃಷ್ಟಿಯಿಂದ ನೋಡಿದರೆ ಅದು ಮೂರು ನಾಲ್ಕು ಹಿಮ್ಮೇಳಗಳ ಕಥೆಯಾಗಿ ಕಾಣುತ್ತದೆ. ಒಂದು ಮೇಳ ಅವರನ್ನು ತನ್ನ ಅಳತೆಗೆ ಕತ್ತರಿಸಿತು. ಉಳಿದವು ಅವರನ್ನು ಕೇಳಿಸಿಕೊಂಡವು. ಹಾಡಿದವರು ಒಬ್ಬರೇ, ಧ್ವನಿಯೂ ಒಂದೇ. ಅವರ ಬ್ಲೂಸ್ ಅವರಲ್ಲಿ ಮೊದಲಿನಿಂದಲೂ ಇದ್ದಿತು. ಅದಕ್ಕೆ ಇಂಬು ಕೊಟ್ಟ ಮನೆ ಮಾತ್ರ ತಡವಾಗಿ ಸಿಕ್ಕಿತು.

ಅಮೆರಿಕದವರು ಕೊನೆಗೆ ಈ ಮಾತನ್ನು ಒಪ್ಪಿಕೊಂಡಂತಿದೆ. 1993ರಲ್ಲಿ ಕಂಟ್ರಿ ಸಂಗೀತದ ಕೀರ್ತಿಮಂದಿರಕ್ಕೆ ಸೇರಿದ ನೆಲ್ಸನ್ನರನ್ನು 2023ರಲ್ಲಿ, ಅವರಿಗೆ ತೊಂಬತ್ತು ತುಂಬಿದ ವರ್ಷ, ರಾಕ್ ಸಂಗೀತದ ಕೀರ್ತಿಮಂದಿರಕ್ಕೂ ಸೇರಿಸಿಕೊಂಡರು. ಆದರೆ ಅರ್ಧ ಶತಮಾನ ಅವರ ಪಕ್ಕದಲ್ಲಿ ಕುಳಿತು ಪಿಯಾನೋ ನುಡಿಸಿದ ಅಕ್ಕ ಬಾಬಿ ಅದನ್ನು ನೋಡಲಿಲ್ಲ; ಆಕೆ 2022ರಲ್ಲಿ ತೀರಿಕೊಂಡಿದ್ದರು.

ಮನೆಯಲ್ಲಿ ಕುಳಿತು ಕೇಳಬಯಸುವ ಓದುಗರಿಗೆ ನಮ್ಮ ಸೂಚನೆ ಇಷ್ಟೆ. 'ನೈಟ್ ಲೈಫ್' ಒಂದೇ ಹಾಡನ್ನು ತೆಗೆದುಕೊಳ್ಳಿರಿ. ಮೊದಲು 1963ರಲ್ಲಿ ರೇ ಪ್ರೈಸ್ ಹಾಡಿದುದನ್ನು ಕೇಳಿರಿ. ಅನಂತರ 2000ರಲ್ಲಿ ನೆಲ್ಸನ್ನರೂ ಕಿಂಗರೂ ಕೂಡಿ ಹಾಡಿದುದನ್ನು ಕೇಳಿರಿ. ಎರಡನೆಯ ಸಲ ಕೇಳುವಾಗ ಹಾಡುವವರನ್ನು ಬಿಟ್ಟು, ಹಿಂದೆ ನುಡಿಸುವವರ ಕಡೆಗೆ ಕಿವಿಗೊಡಿರಿ. ಹೆಸರು ತಿಳಿಯದ ಆ ಕೈಗಳು ಒಬ್ಬ ಮುದುಕರಿಗೆ ಎಷ್ಟು ಎಡೆ ಬಿಟ್ಟುಕೊಟ್ಟಿವೆ ಎಂಬುದು ಆಗ ನಿಮಗೇ ತಿಳಿಯುವುದು.